ಟಗರಿನ ಗುದ್ದಿಗೆ ಬೆಲ್ಲ-ಸುಣ್ಣ

ಎಂಜಿನ್ ತಂಪು ಮಾಡುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಆ ನೀರಿನಲ್ಲೇ ಬೆಳೆದವನು! ಪಾಲಬಾವಿಯ ನಮ್ಮ ಹೊಲದ ಬಾವಿಯ ಮೇಲೆ ಅಪ್ಪನ ಡೀಸೆಲ್ ಎಂಜಿನ್ ಇತ್ತು. ಅದರ ಮೈ ತಂಪು ಮಾಡಿ ಪೈಪಿನಿಂದ ಹೊರಬರುವ ನೀರು ಹದವಾಗಿ ಬಿಸಿಯಿರುತ್ತಿತ್ತು. ಚಳಿಗಾಲದಲ್ಲಿ ಅದರ ಕೆಳಗೆ ಕೂರಿಸಿ ಅಪ್ಪ ನನ್ನ ಬೆನ್ನು ತಿಕ್ಕುತ್ತಿದ್ದ. ಮೈಯೆಲ್ಲ ಡೀಸೆಲ್ ವಾಸನೆ. ಅಂಥ ಸುಖದ ಸ್ನಾನ ಆಮೇಲೆ ಗೀಸರಿನಲ್ಲೂ ಸಿಕ್ಕಿಲ್ಲ.

ಹಾಗಾಗಿ ರಾಯಬಾಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಹೋದ ವರ್ಷ ಮೋಟಾರ್ ಸೈಕಲ್ ಕೊಳ್ಳುವಾಗ ಎಂಜಿನ್ನನ್ನು ನೀರಿನಿಂದ ತಂಪು ಮಾಡುವ ರೇಡಿಯೇಟರ್ ಇರುವುದನ್ನೇ ಹುಡುಕಿ ಕೊಂಡೆ. "ತಲಿ ಬೆಳ್ಳಗಾದ ಮ್ಯಾಲ ಇದೆಲ್ಲಾ ಬೇಕಿತ್ತೇನ್ರಿ?" ಎಂದಳು ಹೆಂಡತಿ ಸುವರ್ಣಾ. ತಜ್ಞರು ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ.

ನೆರೆಮನೆಯ ಅಪ್ಪಾಸಾಬ ಕಾಳಗದ ಟಗರು ಸಾಕಿದ್ದಾನೆ. ಅದಕ್ಕೆ ದಿನಾ ಹಾಲು, ಮೊಟ್ಟೆ, ಹುರುಳಿ. ಒಂದು ಸಂಜೆ ಓಣಿಯಲ್ಲಿ ಅದೂ ನಾನೂ ಎದುರುಬದುರಾದೆವು. ನಾನು ಹಾರ್ನ್ ಹೊಡೆದೆ. ಟಗರು ಮೆಲ್ಲಗೆ ಹಿಂದೆ ಸರಿಯಿತು. ಎಂಥ ಸಂಸ್ಕಾರವಂತ ಪ್ರಾಣಿ! ದಾರಿ ಬಿಟ್ಟಿತೆಂದು ನಾನು ಗಾಡಿ ಮುಂದೆ ಬಿಟ್ಟೆ. ಟಗರು ಯಾಕೆ ಹಿಂದೆ ಸರಿಯುತ್ತದೆಂದು ಈ ಸೀಮೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನೆನಪಾದದ್ದು ಗಟಾರದಲ್ಲಿ ಬಿದ್ದ ಮೇಲೆ!

ಅಪ್ಪಾಸಾಬ ಓಡಿ ಬಂದವನೇ ಟಗರಿನ ಹಣೆ ಸವರಿದ. "ನನ್ನ ರಾಜಾಗ ಪೆಟ್ಟಾತೇನಪಾ!"

"ಅಪ್ಪಾಸಾಬ, ನಾನೂ ಬಿದ್ದೇನಿ."

"ನಿಮ್ದೇನ್ರಿ ಸಾಹೇಬ್ರ, ನೀವೇನ ಮುಂದಿನ ವಾರ ಕಾಳಗಕ್ಕ ಹೋಗವ್ರದೀರೇನು?"

ಗುದ್ದು ಸರಿಯಾಗಿ ರೇಡಿಯೇಟರಿಗೇ ಬಿದ್ದಿತ್ತು. ಹಸಿರು ನೀರೆಲ್ಲ ಸೋರಿಹೋಯಿತು. ಮಿಸ್ತ್ರಿ ನೋಡಿ, "ಹೊಸಾದು ನಿಪ್ಪಾಣಿಯಿಂದ ತರಸಬೇಕ್ರಿ, ನಾಡಿದ್ದ ಬರತೈತಿ" ಎಂದ. ಆದರೆ ಮರುದಿನವೇ ಐನಾಪುರದಲ್ಲಿ ಸುವರ್ಣಾಳ ತಂಗಿ ರೂಪಾಳ ಕುಬಸ. ಮೊದಲ ಬಸಿರು. ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬಬೇಕು.

"ನಾಳೆ ಬಸ್ಸಿಗೇ ಹೋಗೂಣು" ಎಂದಳು ಸುವರ್ಣಾ. "ಮಧ್ಯಾಹ್ನದೊಳಗ ಉಡಿ ತುಂಬಬೇಕು. ಅವ್ವ ಇದ್ದಿದ್ರ ಅಕಿನ ತುಂಬತಿದ್ಲು. ಈಗ ರೂಪಾಗ ನಾನ ತವರು."

"ಬಸ್ಸಾ? ಮನ್ಯಾಗ ನಾ ಇರೂವಾಗ?"

ನನಗೆ ಅಪ್ಪನ ಉಪಾಯ ನೆನಪಾಗಿತ್ತು. ಎಂಜಿನ್ ಸೋರಿದಾಗಲೆಲ್ಲ ಅಪ್ಪ, "ಏ, ಬೆಲ್ಲ-ಸುಣ್ಣ ತಗೊಂಬಾರ್ಲೇ" ಎಂದು ಕೂಗುತ್ತಿದ್ದ. ನಾನೇ ಓಡಿಹೋಗಿ ತಂದುಕೊಡುತ್ತಿದ್ದೆ. ಮರುದಿನ ಎಂಜಿನ್ ಠಕ್ ಠಕ್ ಎಂದು ನಡೆಯುತ್ತಿತ್ತು. ನಾನು ಮುದ್ದೆ ಬೆಲ್ಲ ಕುಟ್ಟಿ, ಸುಣ್ಣ ಕಲಸಿ, ರೇಡಿಯೇಟರಿನ ಬಿರುಕಿಗೆ ಶಾಸ್ತ್ರೋಕ್ತವಾಗಿ ಮೆತ್ತಿದೆ. ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತು. ನೀರು ತುಂಬಿದೆ. ಒಂದು ಹನಿ ಸೋರಲಿಲ್ಲ! ಸುವರ್ಣಾ ಕೂಡ, "ಅಡ್ಡಿಯಿಲ್ಲ ಬಿಡ್ರಿ" ಎಂದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅದು ದೊಡ್ಡ ಪ್ರಶಸ್ತಿ.

ಕುಡಚಿ ದಾಟಿದ ಮೇಲೆ ಗಾಳಿಯಲ್ಲಿ ಕುದಿಯುವ ಬೆಲ್ಲದ ವಾಸನೆ ಬಂತು. ಆಹಾ! ಅಪ್ಪ ಗಾಣದಲ್ಲಿ ಕಬ್ಬಿನ ತುಂಡಿಗೆ ಬಿಸಿಬೆಲ್ಲ ಸುತ್ತಿ ಕೊಡುತ್ತಿದ್ದುದು ನೆನಪಾಯಿತು.

"ಇಲ್ಲೇ ಎಲ್ಲೋ ಗಾಣ ನಡದೈತಿ ನೋಡು" ಎಂದೆ.

ಸ್ವಲ್ಪ ದೂರ ಹೋದೆವು. ವಾಸನೆ ಕಡಿಮೆಯಾಗಲಿಲ್ಲ.

"ರೀ, ಗಾಣ ನಮ್ಮ ಬೆನ್ನ ಹತ್ತೈತಿ" ಎಂದಳು ಸುವರ್ಣಾ. "ನಿಮ್ಮ ಪ್ಯಾಂಟ್ ನೋಡ್ಕೋರಿ!"

ನೋಡಿದೆ. ಮೊಣಕಾಲಿನ ಕೆಳಗೆಲ್ಲ ಪಾಕ! ರೇಡಿಯೇಟರ್ ಬುಸ್ ಎಂದು ಹಬೆ ಬಿಟ್ಟಿತು. ಗಾಡಿ ನಿಂತಿತು. ಊರಿನ ನೊಣಗಳೆಲ್ಲ ಆಮಂತ್ರಣ ಸಿಕ್ಕವರಂತೆ ಬಂದವು. ಅದೇ ಹೊತ್ತಿಗೆ ನಾವು ಹತ್ತಬೇಕಾಗಿದ್ದ ಬಸ್ಸು ನಮ್ಮನ್ನು ದಾಟಿ ಹೋಯಿತು.

"ಸುಣ್ಣ ಕಡಿಮಿ ಆಗೈತಿ, ಅಷ್ಟ" ಎಂದೆ. "ಚೀಲದಾಗಿನ ಬೆಲ್ಲ ಕೊಡು."

"ಅದು ಉಡಿ ತುಂಬೂ ಬೆಲ್ಲ! ಮುಟ್ಟಿದ್ರ ನೋಡ್ರಿ!"

ಬೇರೆ ದಾರಿ ಕಾಣದೆ, ಅಪ್ಪ ಎಷ್ಟು ಸುಣ್ಣ ಹಾಕುತ್ತಿದ್ದನೆಂದು ಕೇಳಲು ಪಾಲಬಾವಿಯಲ್ಲಿದ್ದ ನನ್ನ ಅವ್ವನಿಗೆ ಫೋನ್ ಮಾಡಿದೆ.

"ಎಂಜಿನ್ನಿಗೆ ಯಾರಾದ್ರೂ ಬೆಲ್ಲ-ಸುಣ್ಣ ಹಚ್ಚತಾರೇನೋ, ಹುಚ್ಚಪ್ಪ!" ಎಂದಳು ಅವ್ವ. "ಹ್ಯಾಂಡಲ್ ತಿರುವಿ ತಿರುವಿ ನಿಮ್ಮಪ್ಪನ ಮಣಿಕಟ್ಟು ಉಳುಕತಿತ್ತು. ಅದಕ್ಕ ಹಚ್ಕೊಂತಿದ್ರು. ಎಂಜಿನ್ನಿಗೆ ಹಾರೂಗೇರಿ ಮಿಸ್ತ್ರಿ ಬರತಿದ್ದ. ಯಾಕೋ ಬಸು, ಏನಾತು?"

ಏನೂ ಇಲ್ಲವೆಂದು ಫೋನ್ ಇಟ್ಟೆ. ಊದಿದ ಕೈಯಲ್ಲೇ ಅಪ್ಪ ನನ್ನ ಬೆನ್ನು ತಿಕ್ಕುತ್ತಿದ್ದ. ಒಂದು ದಿನವೂ ನೋವೆಂದು ಹೇಳಿರಲಿಲ್ಲ. ರಸ್ತೆಯ ಬದಿಯಲ್ಲಿ ನಿಂತ ನನಗೆ ಅಳು ಬಂತು. ಸುವರ್ಣಾ ತನಗೆ ತಡವಾಯಿತೆಂದು ಅಳುತ್ತಿದ್ದಳು. ನೊಣಗಳು ಇಬ್ಬರನ್ನೂ ಬಿಡಲಿಲ್ಲ.

ಕೊನೆಗೆ ಹಾಲಿನ ಕ್ಯಾನು ಹೇರಿದ ಟಂಟಂ ರಿಕ್ಷಾ ಒಂದು ನಿಂತಿತು. "ಕಾಯ ಭಾವು, ಇಲ್ಲೆ ಬೆಲ್ಲ ಸಿಗತೈತೇನ್ರಿ?" ಎಂದು ಡ್ರೈವರ್ ಮೂಗರಳಿಸಿ, ಮರಾಠಿ ಬೆರೆಸಿ ಕೇಳಿದ. ಗಾಡಿಯನ್ನು ಒಂದು ಚಹಾ ಅಂಗಡಿಯ ಮುಂದೆ ಬಿಟ್ಟು, ಕ್ಯಾನುಗಳ ನಡುವೆ ಕೂತು ಐನಾಪುರ ಸೇರಿದೆವು. ಮಧ್ಯಾಹ್ನ ಯಾವಾಗಲೋ ಕಳೆದಿತ್ತು.

ರೂಪಾ ಕುಬಸಕ್ಕೆ ಕೂತಿರಲೇ ಇಲ್ಲ. "ನಮ್ಮಕ್ಕ ಬರೂತನಾ ಯಾರ ಕೈಲೂ ಉಡಿ ತುಂಬಸ್ಕೊಳ್ಳಂಗಿಲ್ಲ" ಎಂದು ಹಟ ಹಿಡಿದಿದ್ದಳಂತೆ. ಬಸುರಿ ಉಣ್ಣದೆ ಮನೆಯಲ್ಲಿ ಯಾರೂ ಉಂಡಿರಲಿಲ್ಲ. ಹೋಳಿಗೆ ಆರಿಹೋಗಿತ್ತು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ನೆರೆದ ಹೆಂಗಸರೂ ಅತ್ತರು, ಅರ್ಧ ಪ್ರೀತಿಗೆ, ಅರ್ಧ ಹಸಿವಿಗೆ.

ನಮ್ಮ ಕಡೆ ಉಡಿ ತುಂಬುವವಳು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳಬೇಕು. ಸುವರ್ಣಾ ಯಾವಾಗಲೂ ಮಲ್ಲಿಗೆ, ಬಂಗಾರ ಎಂದೇನೋ ಸೇರಿಸಿ ಮೆಲ್ಲಗೆ ಹೇಳುವವಳು. ಅವತ್ತು ಕಣ್ಣೊರೆಸಿಕೊಂಡು ಅಂಗಳಕ್ಕೆ ಕೇಳುವಂತೆ ಹೇಳಿದಳು:

"ಗಾಣದಾಗ ಬೆಲ್ಲಾ ಕುದಸ್ತಾರ ಊರ ಮಂದಿ,
ಗಾಡ್ಯಾಗ ಬೆಲ್ಲಾ ಕುದಿಸಿದ ಬಸವರಾಜರ ನಾ ಹೇಂತಿ!"

ಹಸಿದ ಮನೆ ಬಿದ್ದು ಬಿದ್ದು ನಕ್ಕಿತು. ಅಂಗಳದಲ್ಲಿದ್ದ ಗಂಡಸರೆಲ್ಲ ನನ್ನತ್ತ ತಿರುಗಿದರು. ಬಸವರಾಜ ಬೇರೆ ಯಾರೋ ಇರಬೇಕೆಂಬಂತೆ ನಾನೂ ಹಿಂದೆ ತಿರುಗಿ ನೋಡಿದೆ.

ಹಿಂದೆ ಗೋಡೆ ಇತ್ತು!