ತಂಗಿಯ ಲ್ಯಾಪ್‌ಟಾಪಿಗೆ ನಾನು ಪೈಥಾನ್ ಹಾಕಿದ್ದು

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ "ನನಗೆ ಗೊತ್ತಿಲ್ಲ" ಎಂಬ ಮಾತನ್ನು ನಾಶಿಕದ ಪಂಚವಟಿಯ ನಮ್ಮ ಪಾತ್ರೆ ಅಂಗಡಿಯಲ್ಲಿ ಯಾರೂ ನನ್ನ ಬಾಯಿಂದ ಕೇಳಿಲ್ಲ. ಗಿರಾಕಿ ಫೋನ್ ಮಾಡಿ ತನ್ನ ಹಂಡೆ ಎಲ್ಲಿಗೆ ಬಂತೆಂದು ಕೇಳಿದರೆ, ಹಂಡೆ ಅಟ್ಟದ ಮೇಲೇ ಇದ್ದರೂ "ಹೊರಟಿದೆ, ದಾರಿಯಲ್ಲಿದೆ" ಎನ್ನುವುದು ನಮ್ಮ ವ್ಯಾಪಾರದ ರೀತಿ. ಫೋನಿಟ್ಟು ಓಡುತ್ತೇವೆ. ಸಂಜೆಯೊಳಗೆ ಹಂಡೆ ಮುಟ್ಟುತ್ತದೆ. ಯಾರಿಗೂ ನಷ್ಟವಿಲ್ಲ!

ನನ್ನ ತಂಗಿ ಶೈಲಾ ಸಂಭಾಜಿನಗರದಲ್ಲಿ ಕಂಪ್ಯೂಟರಿನಲ್ಲಿ ನಕಾಶೆ, ಅಂದರೆ ಊರುಗಳ ನಕ್ಷೆ, ಮಾಡುವುದನ್ನು ಕಲಿಯುತ್ತಿದ್ದಳು. ಸೋಮವಾರ ತನ್ನದೇ ಲ್ಯಾಪ್‌ಟಾಪಿನಲ್ಲಿ ಒಂದು ನಕಾಶೆ ಮಾಡಿ ತೋರಿಸಿದರೆ ಅಲ್ಲೇ ಹತ್ತಿರದ ಬಿಡಕಿನ್ ಊರಿನಲ್ಲಿ ಕೆಲಸ, ಇಲ್ಲದಿದ್ದರೆ ಇಲ್ಲ. ಅವಳ ಹಾಸ್ಟೆಲಿನಲ್ಲಿ ಇಂಟರ್‌ನೆಟ್ ತೆವಳುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿ ನಕಾಶೆಗೆ ಬೇಕಾದ ಪೈಥಾನ್ ಎಂಬ ಪ್ರೋಗ್ರಾಂ ಹಾಕಿ, ತಂದುಕೊಡುವ ಜವಾಬ್ದಾರಿಯನ್ನು ನಾನು ಬಹು ಗಾಂಭೀರ್ಯದಿಂದ ವಹಿಸಿಕೊಂಡೆ.

ಶನಿವಾರ ಫೋನ್ ಬಂತು.

"ಅಣ್ಣಾ, ಪೈಥಾನ್ ಹಾಕ್ದಿ?"

"ಆತವ್ವ."

"ಎನ್ವಿರಾನ್ಮೆಂಟ್ ಮಾಡ್ದಿ? ನಕಾಶೆ ಸಾಮಾನೆಲ್ಲ ಇಡ್ಲಿಕ್ಕ ಒಳಗೊಂದು ಬ್ಯಾರೆ ಖೋಲಿ ಅಂತ ಹೇಳಿದ್ನಲ್ಲ?"

"ಖೋಲಿ ಆತು. ಸಾಮಾನೂ ಇಟ್ಟಾತು."

ಫೋನಿಟ್ಟೆ. ಹೆಂಡತಿ ಕಮಲಾ ಸೊಪ್ಪು ಸೋಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಏನ್ ಆತ್ರಿ? ಲ್ಯಾಪ್‌ಟಾಪ್ ಇನ್ನಾ ಡಬ್ಬ್ಯಾಗೇ ಅದ!"

"ನಾಳಿ ಆಯ್ತಾರ ಅದಲ್ಲ, ಮಾಡ್ತೀನಿ."

ಭಾನುವಾರ ಮಾಡಿದೆ. ಪೈಥಾನ್ ಒಳಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಇರಲಿ ಎಂದು ಮೂರು ಸಲ ಹಾಕಿದೆ. ಮುಂದೆ ಕಪ್ಪು ಪರದೆಯಲ್ಲಿ ಬರೆಯಬೇಕಾದ ಸಾಲುಗಳನ್ನು ಶೈಲಾ ವಾಟ್ಸಾಪಿನಲ್ಲಿ ಕಳಿಸಿದ್ದಳು. ನಾನು ಅವನ್ನು ಒಂದಕ್ಷರ ಬಿಡದೆ, ಕೊನೆಗಿದ್ದ "ಇಷ್ಟು ಬರೆದು ಎಂಟರ್ ಒತ್ತು ಅಣ್ಣಾ" ಎಂಬುದನ್ನೂ ಸೇರಿಸಿ ಹಾಕಿದೆ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೆಂಪಗೆ ಬೈಯತೊಡಗಿತು. ನಾನು ಮರ್ಯಾದೆಯಿಂದ ಮುಚ್ಚಳ ಮುಚ್ಚಿದೆ.

ಸಂಜೆ ಮತ್ತೆ ಫೋನ್. "ಅಣ್ಣಾ, ಪರೀಕ್ಷಾಕ್ಕಂತ ಒಂದು ನಕಾಶೆ ತೆಗೆದು ನೋಡಂದಿದ್ನಲ್ಲ, ಬಂತೇನು?"

ಗೂಗಲ್ಲಿನಲ್ಲಿ ಹುಡುಕಿ ಒಂದು ನಕಾಶೆಯ ಚಿತ್ರವನ್ನು ಆಗಲೇ ಪರದೆಗೆ ಅಂಟಿಸಿಕೊಂಡಿದ್ದೆ. "ಬಂದದವ್ವ. ಬಣ್ಣದ್ದೇ ಬಂದದ!"

"ಖರೇ? ಅಣ್ಣಾ, ನೀ ಭಾರಿ ಶಾಣ್ಯಾ ಇದ್ದಿ!"

ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಸೋಮವಾರ ಮೊದಲ ಬಸ್ಸು ಹಿಡಿದು ಹೋದೆ. ತರಬೇತಿಯ ಕೋಣೆಯಲ್ಲಿ ಶೈಲಾ ಲ್ಯಾಪ್‌ಟಾಪ್ ತೆರೆದಳು. ಎರಡು ನಿಮಿಷ ಏನೇನೋ ಒತ್ತಿ ನೋಡಿದಳು. ಅವಳ ಮುಖ ಬಿಳುಚಿತು.

"ಅಣ್ಣಾ, ಪೈಥಾನ್ ಮೂರವ. ನಕಾಶೆ ಬರಿಯೋ ನೋಟ್‌ಬುಕ್ ಪ್ರೋಗ್ರಾಂ ಇಲ್ಲ, ಎನ್ವಿರಾನ್ಮೆಂಟ್ ಇಲ್ಲ. ಎಲ್ಲದ?"

ಇಪ್ಪತ್ತು ವರ್ಷದ ಅಭ್ಯಾಸ. ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತು: "ಹಿಂದ ಬರೋ ಬಸ್ಸಿನ್ಯಾಗ ಬರ್ತದ."

ಶೈಲಾ ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. "ನಂಗ ಗೊತ್ತಾಗ್ಲಿಲ್ಲವ್ವ," ಎಂದೆ. "ಒಂದೂ ಮಾಡಿಲ್ಲ. ಎಲ್ಲಾ ಸುಳ್ಳು ಹೇಳ್ದೆ."

"ಶನಿವಾರನೇ ಹಿಂಗ ಅಂದಿದ್ರ ನಾನೇ ನಾಶಿಕಕ್ಕ ಬಂದು ಮಾಡ್ಕೋತಿದ್ನಲ್ಲೋ!"

ಕಲಿಸುವ ಮೇಡಂ ಹತ್ತಿರ ನಾನೇ ಹೋದೆ. ನನ್ನ ಮುರುಕು ಹಿಂದಿಯಲ್ಲಿ, ತಪ್ಪು ನನ್ನದು, ಹುಡುಗಿಯದಲ್ಲ ಎಂದೆ. ಅವರು ನಕ್ಕು ಆಫೀಸಿನ ಇಂಟರ್‌ನೆಟ್ ಕೊಟ್ಟರು. ಮಧ್ಯಾಹ್ನ ಒಂದು ಗಂಟೆಯವರೆಗೆ ಸಮಯ! ಶೈಲಾಳ ಬೆರಳು ಓಡಿದವು. ನನ್ನ ಇಡೀ ಭಾನುವಾರದ ಕೆಲಸ ಅವಳಿಗೆ ಅರ್ಧ ಗಂಟೆಯದು. ಅದರಲ್ಲಿ ಹತ್ತು ನಿಮಿಷ ನಾನು ಹಾಕಿದ್ದನ್ನು ತೆಗೆಯುವುದಕ್ಕೇ ಹೋಯಿತು.

ನಕಾಶೆಯಲ್ಲಿ ಹತ್ತಿ ಮಾರುವ ಊರುಗಳಿಗೆ ಒಂದೊಂದು ಚುಕ್ಕೆ ಬೀಳಬೇಕಿತ್ತು. ಪ್ರತಿ ಊರಿಗೂ ಎರಡು ಅಂಕಿ: ಅಕ್ಷಾಂಶ, ರೇಖಾಂಶ. ಕೈ ನೋಯುತ್ತಿದ್ದ ಶೈಲಾ ಸಿಲ್ಲೋಡ್ ಎಂಬ ಊರಿನ ಅಂಕಿಗಳನ್ನಷ್ಟೇ ನನಗೆ ಬರೆಯಲು ಕೊಟ್ಟಳು. ಬರೆದೆ. ಗುಂಡಿ ಒತ್ತಿದಳು. ಉಳಿದೆಲ್ಲ ಚುಕ್ಕೆಗಳೂ ಮಹಾರಾಷ್ಟ್ರದಲ್ಲಿ ಬಿದ್ದವು. ಸಿಲ್ಲೋಡ್ ಇಲ್ಲ! ಹುಡುಕಿದರೆ ಅದು ಭೂಮಿಯ ನೆತ್ತಿಯ ಹತ್ತಿರ, ಹಿಮದ ಸಮುದ್ರದಲ್ಲಿ ತೇಲುತ್ತಿತ್ತು. ಮೇಡಂ ಎದ್ದು ಇತ್ತಲೇ ಬರುತ್ತಿದ್ದರು.

"ನಂದೇ ತಪ್ಪು ಶೈಲಾ! ಯಾವ ಅಂಕಿ ಮೊದಲು ಬರೀಬೇಕಂತ ಗೊತ್ತಿರ್ಲಿಲ್ಲ. ಅಂದಾಜಿಲೆ ಬರ್ದೆ."

ಅವಳು ಎರಡು ಅಂಕಿಗಳನ್ನು ಅದಲುಬದಲು ಮಾಡಿದಳು. ಮೇಡಂ ಬಂದು ನಿಲ್ಲುವಷ್ಟರಲ್ಲಿ ಸಿಲ್ಲೋಡ್ ತನ್ನ ಜಾಗಕ್ಕೆ ಮರಳಿತ್ತು.

ಶೈಲಾಗೆ ಕೆಲಸ ಸಿಕ್ಕಿತು. ಪೇಢೆ ಹಂಚುವಾಗ ಅವಳು ಎಲ್ಲರಿಗೂ, "ನಮ್ಮಣ್ಣ ನಾಶಿಕದಿಂದ ಲ್ಯಾಪ್‌ಟಾಪ್ ತಂದ, ಅದಕ್ಕೇ ಆತು" ಎಂದಷ್ಟೇ ಹೇಳಿದಳು. ನನ್ನ ಅಜ್ಞಾನದ ಬಗ್ಗೆ ಒಂದಕ್ಷರ ಆಡಲಿಲ್ಲ. ಆ ಉಪಕಾರಕ್ಕೆ ನಾನು ಏನು ಕೊಡಲಿ? ಈ ಬರಹದಲ್ಲಿ ನಾನೇ ಎಲ್ಲವನ್ನೂ ಹೇಳಿಕೊಂಡಿದ್ದೇನೆ. ಪಾತ್ರೆ ವ್ಯಾಪಾರಿಗಳಲ್ಲಿ, ಹತ್ತಿ ತುಂಬಿದ ಒಂದು ಊರನ್ನೇ ಹಿಮದ ಸಮುದ್ರಕ್ಕೆ ತಳ್ಳಿದವನು ಬಹುಶಃ ನಾನೊಬ್ಬನೇ!