ಒಂದು ಕಾಲು ದೋಣಿಯಲ್ಲಿ

ನಾನು ಹುಟ್ಟಾ ಗಾಬರಿಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೇಳದಿದ್ದರೂ ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ. ಊರಿಗೆ ಹೋಗುವುದಿದ್ದರೆ ಬಸ್ಸು ಬರುವುದಕ್ಕೆ ಬಹಳ ಮೊದಲೇ ಸ್ಟ್ಯಾಂಡಿನಲ್ಲಿ ನಿಂತು, ಬಂದ ಮೇಲೆ ಕಂಡಕ್ಟರನನ್ನು ‘ಇದು ಶನಿವಾರಸಂತೆಗೇ ತಾನೆ?’ ಎಂದು ಕೇಳಿ, ಹತ್ತಿ ಕೂತು, ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಅಲ್ಲ, ಒಂದು ಮಾತು’ ಎಂದು ಅವನನ್ನೇ ಮತ್ತೊಮ್ಮೆ ಕೇಳುವವನು ನಾನು. ಬಿರುಬಿಸಿಲಿನಲ್ಲೂ ನನ್ನ ಕಂಕುಳಲ್ಲಿ ಕೊಡೆ ಇರುತ್ತದೆ. ‘ಅಲ್ಲ, ಒಂದು ಮಾತು’ ಎನ್ನುವುದು ನನ್ನ ನಾಲಿಗೆಗೆ ಅಂಟಿದ ಚಟ. ಕಚೇರಿಯಲ್ಲಿ ನಾನು ಆ ಮಾತು ತೆಗೆದರೆ ಸಾಹೇಬರು ಟೋಪಿ ಹಾಕಿಕೊಂಡು ಹೊರಟುಬಿಡುತ್ತಾರೆ.

ಇಂಥವನು ಕೊಡಗಿನಲ್ಲಿ ಹುಟ್ಟಬಾರದಿತ್ತು. ಇಲ್ಲಿ ಬದುಕುವುದೆಂದರೇ ಕಾಯುವುದು. ಮಾರ್ಚಿನಲ್ಲಿ ತೋಟದವರೆಲ್ಲ ಕತ್ತೆತ್ತಿ ಹೂಮಳೆಗೆ ಕಾಯುತ್ತಾರೆ. ಅದು ಬಂದರೆ, ಅರಳಿದ ಕಾಫಿ ಹೂ ಕಾಯಿ ಕಚ್ಚಲು ಇನ್ನೊಂದು ಮಳೆಗೆ ಕಾಯುತ್ತಾರೆ. ಜೂನಿನಲ್ಲಿ ಹಿಡಿದ ಮಳೆ ಯಾವಾಗ ಬಿಟ್ಟೀತೆಂದು ಕಾಯುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನ್ನಂಥ ಗುಮಾಸ್ತರ ಪಾಲಿಗೆ ಇನ್ನೊಂದು ಕಾಯುವ ಕೆಲಸ ಬಂತು. ಮೊದಲೆಲ್ಲ ಕಡತ ಮಡಿಕೇರಿಯಲ್ಲೇ ಮಹಡಿ ಹತ್ತಿ ಮಹಡಿ ಇಳಿದು ಬರುತ್ತಿತ್ತು; ಈಗ ಬೆಂಗಳೂರಿಗೆ ಹೋಗುತ್ತದೆ. ಹೋಗುವುದನ್ನು ನಾವು ಕಂಡಿದ್ದೇವೆ. ಆದರೆ ಇವೆಲ್ಲ ಊರಿಗೆಲ್ಲ ಒಂದೇ ಆದ ಕಷ್ಟ. ನಮ್ಮ ಮನೆಯದು ಬೇರೆ. ನಾವು ಮಗಳಿಗೆ ಹೆಸರಿಡಲು ಒಂದು ಕಾದಂಬರಿಯ ಎರಡನೆಯ ಭಾಗಕ್ಕೆ ಕಾಯುತ್ತಿದ್ದೆವು.

ಕಾದಂಬರಿಯ ಹೆಸರು ಬೇಡ. ಬರೆದವರ ಹೆಸರಂತೂ ಬೇಡವೇ ಬೇಡ; ಈಗ ನಾವು ಪರಿಚಯಸ್ಥರು. ನನ್ನ ಹೆಂಡತಿ ಜಾನಕಿ ಬಸುರಿಯಾಗಿದ್ದಾಗ ಅದರ ಮೊದಲನೆಯ ಭಾಗವನ್ನು ಕೊಂಡು ತಂದೆ. ಅವಳ ತವರು ಭಾಗಮಂಡಲದ ಹತ್ತಿರ, ಮನೆಮಾತು ಅರೆಭಾಷೆ. ಬಾಣಂತನಕ್ಕೆಂದು ಅತ್ತೆ ಆಗಲೇ ಬಂದು ನಮ್ಮ ಬಾಡಿಗೆ ಮನೆಯಲ್ಲಿ ಬಿಡಾರ ಹೂಡಿದ್ದರು. ಅವರಿಗೆ ಓದು ಬಾರದು. ದಿನಾ ಸಂಜೆ ನಾನು ಗಟ್ಟಿಯಾಗಿ ಓದುವುದು, ಜಾನಕಿ ಕುಲಾವಿ ಹೆಣೆಯುತ್ತ ಕೇಳುವುದು, ನಾನು ಉಸಿರೆಳೆದುಕೊಳ್ಳಲು ನಿಂತರೆ ಅತ್ತೆ ‘ಮತ್ತೆ ಎಂತಾತ್?’ ಎನ್ನುವುದು. ಕತೆಯ ನಾಯಕಿ ಮಂದಾಕಿನಿ. ಅವಳಿಗೆ ಬರದ ಕಷ್ಟವಿಲ್ಲ. ಕಡೆಯ ಪುಟದಲ್ಲಿ ಅವಳು ಬಟ್ಟೆಗಂಟು ಹಿಡಿದುಕೊಂಡು ಮನೆ ಬಿಟ್ಟು, ತುಂಬಿದ ಹೊಳೆಯ ಕಡವಿಗೆ ಬರುತ್ತಾಳೆ. ಒಂದು ಕಾಲು ದಡದಲ್ಲಿ, ಒಂದು ಕಾಲು ದೋಣಿಯಲ್ಲಿ. ದೋಣಿ ವಾಲುತ್ತದೆ. ಹಿಂದಿನಿಂದ ಯಾರೋ ಕೂಗುತ್ತಾರೆ. ಅವಳು ತಿರುಗುತ್ತಾಳೆ. ಅಷ್ಟೆ. ಕೆಳಗೆ ‘ಮೊದಲನೆಯ ಭಾಗ ಮುಗಿಯಿತು’ ಎಂದೂ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಎರಡನೆಯ ಭಾಗ ಅಚ್ಚಿನಲ್ಲಿದೆ’ ಎಂದೂ ಇತ್ತು.

ಆ ವಾರವೇ ಮಗು ಹುಟ್ಟಿತು. ಹೆಣ್ಣು. ಜಾನಕಿ ಮಲಗಿದಲ್ಲಿಂದಲೇ ‘ಮಂದಾಕಿನಿ ಅಂತ ಇಡುವ’ ಎಂದಳು. ನನಗೂ ಖುಷಿಯಾಯಿತು. ಅತ್ತೆ ಮಾತ್ರ ಒಪ್ಪಲಿಲ್ಲ. “ಅವ್ಳು ಹೊಳೆ ದಾಟಿದಳೋ ಮುಳುಗಿದಳೋ ಗೊತ್ತಿಲ್ಲೆ. ಮುಳುಗಿದವ್ಳ ಹೆಸ್ರು ನನ್ನ ಪುಳ್ಳಿಗೆ ಬೇಡ” ಎಂದು ಮೊಮ್ಮಗಳನ್ನು ಎದೆಗವಚಿಕೊಂಡರು. ಹೊಳೆಯ ವಿಷಯದಲ್ಲಿ ಭಾಗಮಂಡಲದ ಕಡೆಯವರ ಹತ್ತಿರ ತಮಾಷೆ ನಡೆಯುವುದಿಲ್ಲ. ಜಾನಕಿಯೂ ಅದೇ ತಾಯಿಯ ಮಗಳು. ಬೇರೆ ಯಾವ ಹೆಸರೂ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ಇಬ್ಬರ ನಡುವೆ ಸಿಕ್ಕಿಕೊಂಡ ನಾನು ರಾಜಿ ಮಾಡಿಸಿದೆ. “ಅಲ್ಲ, ಒಂದು ಮಾತು. ಅಚ್ಚಿನಲ್ಲಿದೆ ಅಂದ ಮೇಲೆ ಇನ್ನು ತಿಂಗಳೊಪ್ಪತ್ತಿನಲ್ಲಿ ಬರುತ್ತದೆ. ಅಲ್ಲಿವರೆಗೆ ಪುಟ್ಟಿ ಅನ್ನೋಣ” ಎಂದೆ. ನನ್ನ ಜೀವಮಾನದಲ್ಲಿ ಎರಡು ಪಕ್ಷದವರೂ ಒಪ್ಪಿದ ಸಲಹೆ ಅದೊಂದೇ.

ಪುಟ್ಟಿಗೆ ಹಲ್ಲು ಬಂತು, ನಡಿಗೆ ಬಂತು, ಮಾತು ಬಂತು. ಎರಡನೆಯ ಭಾಗ ಬರಲಿಲ್ಲ. ಪ್ರಕಾಶಕರಿಗೆ ಕಾರ್ಡು ಬರೆದರೆ ‘ಅಚ್ಚಿನಲ್ಲಿದೆ’ ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು. ಪುಸ್ತಕದಂಗಡಿಯವನು ನನ್ನ ಕೊಡೆ ಕಂಡ ಕೂಡಲೇ ಒಳಗೆ ಹೋಗಿಬಿಡುತ್ತಿದ್ದ. ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರ್ ಬೋಪಯ್ಯನವರು ನಮ್ಮಿಂದಲೇ ಪುಸ್ತಕ ಒಯ್ದು ಓದಿ, ಅವರೂ ಈ ರೋಗ ಹಿಡಿಸಿಕೊಂಡಿದ್ದರು. ಭಾನುವಾರ ಬಂದರೆ ನಮ್ಮ ಜಗುಲಿಯಲ್ಲಿ ಅದೇ ಚರ್ಚೆ: ಹಿಂದಿನಿಂದ ಕೂಗಿದವರು ಯಾರು? ಸುಬೇದಾರರ ಪ್ರಕಾರ ಅವಳ ಅಣ್ಣ. “ಯಾರೇ ಆಗಲಿ ಮಾರಾಯ್ರೆ, ಆ ಹುಡುಗಿ ತಿರುಗಿದ್ದು ತಪ್ಪು. ಹೊಳೆ ದಾಟುವಾಗ ಹಿಂದೆ ನೋಡುವ ಸಿಪಾಯಿ ಆಚೆ ದಡ ಕಾಣೋದಿಲ್ಲ” ಎನ್ನುತ್ತಿದ್ದರು. ಜಾನಕಿಯ ಪ್ರಕಾರ ಕೂಗಿದವನು ಅವಳನ್ನು ಪ್ರೀತಿಸಿದ ಹುಡುಗ. ಅತ್ತೆ ಊರಿನಿಂದ ಬಂದಾಗಲೆಲ್ಲ ಅದು ಯಮನೆಂದೇ ಸಾಧಿಸುತ್ತಿದ್ದರು. ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ; ಪಾಪ, ಆ ಹೆಣ್ಣು ಇಷ್ಟು ವರ್ಷ ಒಂದು ಕಾಲನ್ನು ದೋಣಿಯಲ್ಲಿಟ್ಟುಕೊಂಡು ಹೇಗೆ ನಿಂತಿದ್ದಾಳೋ ಎಂಬುದೇ ನನ್ನ ಚಿಂತೆ. ಈ ನಡುವೆ ದಾರಿಯಲ್ಲಿ ಯಾರಾದರೂ “ಮಗುವಿನ ಹೆಸರೇನು?” ಎಂದರೆ, ಉದ್ದದ ಕತೆ ಹೇಳಲು ಬೇಸರವಾಗಿ “ಅಚ್ಚಿನಲ್ಲಿದೆ” ಎಂದು ನಗುತ್ತಿದ್ದೆ.

ಒಂದು ವರ್ಷ ಅತ್ತೆಗೂ ತಾಳ್ಮೆ ಕೆಟ್ಟಿತು. ಭಾಗಮಂಡಲಕ್ಕೆ ನಮ್ಮನ್ನು ಹೊರಡಿಸಿಕೊಂಡು ಹೋಗಿ, ಸಂಗಮದಲ್ಲಿ ಮುಳುಗೆದ್ದು, ದೇವಸ್ಥಾನದಲ್ಲಿ ಭಟ್ಟರ ಮುಂದೆ ನಿಂತು “ಮಂದಾಕಿನಿಯ ಹೆಸ್ರಲ್ಲಿ ಒಂದು ಅರ್ಚನೆ” ಎಂದರು. ಪುಸ್ತಕದ ಹುಡುಗಿ ಕ್ಷೇಮವಾಗಿ ದಡ ಸೇರಲೆಂದು. ಭಟ್ಟರಿಗೆ ಅದೆಲ್ಲ ಗೊತ್ತಿಲ್ಲ, “ನಕ್ಷತ್ರ?” ಎಂದರು. ಅತ್ತೆ ನನ್ನ ಮುಖ ನೋಡಿದರು. ಜಾನಕಿಯೂ ನನ್ನ ಮುಖ ನೋಡಿದಳು. ಕಾದಂಬರಿಯಲ್ಲಿ ಅವಳ ಮುಂಗುರುಳಿಗೆ ಒಂದು ಪುಟ, ಕಣ್ಣಿಗೆ ಎರಡು ಪುಟ ಕೊಟ್ಟಿದ್ದ ಮಹಾನುಭಾವರು ನಕ್ಷತ್ರದ ಸುದ್ದಿಯನ್ನೇ ಎತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ನನ್ನದೇ ನಕ್ಷತ್ರ. “ಆಶ್ಲೇಷಾ” ಎಂದೆ. ಭಟ್ಟರು ಆಶ್ಲೇಷಾ ನಕ್ಷತ್ರದ ಮಂದಾಕಿನಿಗೆ ಸಾಂಗವಾಗಿ ಅರ್ಚನೆ ಮಾಡಿ ಪ್ರಸಾದ ಕೊಟ್ಟರು.

ಅಷ್ಟರಲ್ಲಿ ಪುಟ್ಟಿಯನ್ನು ಶಾಲೆಗೆ ಸೇರಿಸುವ ವರ್ಷ ಬಂತು. ಶಾಲೆಯ ದೊಡ್ಡ ಟೀಚರು ಜನನದ ಕಾಗದ ನೋಡಿ, “ಇದರಲ್ಲಿ ಬರೀ ಹೆಣ್ಣು ಮಗು ಅಂತ ಉಂಟು. ನಾನು ದಿನಾ ಬೆಳಿಗ್ಗೆ ‘ಹೆಣ್ಣು ಮಗು’ ಅಂತ ಹಾಜರಿ ಕೂಗಬೇಕಾ? ಜೂನಿನೊಳಗೆ ಒಂದು ಹೆಸರು ತನ್ನಿ” ಎಂದರು. ಅಲ್ಲಿಂದ ನನ್ನ ನಿದ್ದೆ ಹಾರಿತು. ಬೇರೆ ಹೆಸರಿಟ್ಟರೆ ಜಾನಕಿ ಅನ್ನ ಬಿಡುತ್ತಾಳೆ, ಇದೇ ಹೆಸರಿಟ್ಟರೆ ಅತ್ತೆ ನಮ್ಮ ಮನೆಯ ದಾರಿ ಬಿಡುತ್ತಾರೆ, ಇಡದಿದ್ದರೆ ಮಗು ಶಾಲೆ ಬಿಡಬೇಕು. ಹೀಗಿರುವಾಗ, ಮೇ ತಿಂಗಳ ಕೊನೆಯಲ್ಲಿ, ಯಾವುದೋ ಸಭೆಗೆ ಆ ಕಾದಂಬರಿಕಾರರೇ ಮಡಿಕೇರಿಗೆ ಬಂದು ಪ್ರವಾಸಿ ಮಂದಿರದಲ್ಲಿ ಇಳಿದಿದ್ದಾರೆ ಎಂಬ ಸುದ್ದಿ ಕಿವಿಗೆ ಬಿತ್ತು. ನಾನು ಮನೆಯಲ್ಲಿ ಬಾಯಿ ಬಿಡದೆ, ರಾಜಾಸೀಟ್ ತೋರಿಸುತ್ತೇನೆಂದು ಪುಟ್ಟಿಯ ಕೈ ಹಿಡಿದುಕೊಂಡು, ಒಂದು ಬಾಟಲಿ ಜೇನು ಚೀಲದಲ್ಲಿಟ್ಟುಕೊಂಡು ಹೊರಟೆ.

ನಮ್ಮ ಮಂದಾಕಿನಿಯನ್ನು ವರ್ಷಗಟ್ಟಲೆ ಒಂಟಿಕಾಲಲ್ಲಿ ನಿಲ್ಲಿಸಿದವರು ಜಗುಲಿಯಲ್ಲಿ ತಮ್ಮ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಏಲಕ್ಕಿ ತೋಟ ನೋಡಲು ಹೋಗಿ ಜಿಗಣೆ ಕಚ್ಚಿಸಿಕೊಂಡು ಬಂದು ಸುಣ್ಣ ಹಚ್ಚಿಕೊಂಡಿದ್ದರಂತೆ. ಪುಟ್ಟಿ ಆ ಕಾಲನ್ನೇ ನೋಡುತ್ತ ನಿಂತಳು. ಅವರು ನಕ್ಕು, “ನಿನ್ನ ಹೆಸರೇನು ಮರಿ?” ಎಂದರು.

“ಅಚ್ಚಿನಲ್ಲಿದೆ” ಎಂದಳು ಪುಟ್ಟಿ.

ಅವರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದರು. ಪುಟ್ಟಿ ಇನ್ನಷ್ಟು ಗಟ್ಟಿಯಾಗಿ, ಕಿವುಡರಿಗೆ ಹೇಳುವಂತೆ, “ಅಚ್ಚಿನಲ್ಲಿದೆ” ಎಂದಳು. ಆ ಮಗು ಅದನ್ನು ತಮಾಷೆಯೆಂದು ಹೇಳುತ್ತಿರಲಿಲ್ಲ, ಅದೇ ತನ್ನ ಹೆಸರೆಂದು ತಿಳಿದಿತ್ತು. ಅದು ನನಗೆ ಆಗಲೇ ಗೊತ್ತಾದದ್ದು. “ಅಲ್ಲ, ಒಂದು ಮಾತು” ಎಂದು ಶುರು ಮಾಡಿ, ಕುಲಾವಿಯಿಂದ ಹಿಡಿದು ಆಶ್ಲೇಷಾ ನಕ್ಷತ್ರದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. ಕಾಲು ಕೆಳಗಿಳಿಸಿ ಕೂತರು.

“ನಿಜ ಹೇಳಲಾ? ಅಚ್ಚಿಗೆ ಕೊಟ್ಟೇ ಇಲ್ಲ. ಬರೆದದ್ದು ಒಂದೇ ಅಧ್ಯಾಯ. ಅದರಲ್ಲಿ ಅವಳು ಮುಳುಗಿಹೋದಳು. ನಾಯಕಿ ಮೊದಲ ಅಧ್ಯಾಯದಲ್ಲೇ ಮುಳುಗಿದರೆ ಮುಂದೇನು ಬರೆಯಲಿ? ಅಲ್ಲಿಗೇ ನಿಂತುಹೋಯಿತು” ಎಂದರು.

ನಾನು ಪುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. “ಮುಳುಗಲೇಬೇಕಾ?” ಎಂದೆ.

“ಹೊಳೇನ ಅಷ್ಟು ತುಂಬಿಸಿಟ್ಟಿದ್ದೀನಲ್ಲ. ಒಬ್ಬರಾದರೂ ಮುಳುಗದೆ ಇದ್ದರೆ ಓದುವವರು ಸುಮ್ಮನಿರ್ತಾರಾ?” ಎಂದು ಪುಟ್ಟಿಯನ್ನೇ ನೋಡುತ್ತ ಕೂತರು. ಆಮೇಲೆ, “ಹೆಸರಿಡಿ. ಸ್ಕೂಲಿಗೆ ಹೋಗೋ ಹುಡುಗೀನ ಮುಳುಗಿಸೋದು ನನ್ನ ಕೈಲಾಗೋದಿಲ್ಲ” ಎಂದರು.

ಜೇನು ಕೊಟ್ಟು, ಕೈಮುಗಿದು, ಗೇಟಿನವರೆಗೆ ಹೋದವನು ತಿರುಗಿ ಬಂದೆ. “ಅಲ್ಲ, ಒಂದು ಮಾತು. ಖಂಡಿತ ಮುಳುಗಿಸೋದಿಲ್ಲ ತಾನೆ?” ಇಲ್ಲ ಎಂದರು. ಮತ್ತೆ ಗೇಟಿನವರೆಗೆ ಹೋದೆ. ಕೊಡೆ ಮರೆತಿದ್ದೆ. ಮತ್ತೆ ಬಂದೆ. ಬಂದವನು ಇನ್ನೊಮ್ಮೆ ಕೇಳಿದೆ. ಈ ಸಲ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಕೊಡೆಯನ್ನೂ ಬಿಡದೆ, ಬಹಳ ಹೊತ್ತು ನೋಡಿದರು. ಅದನ್ನು ನಾನು ಪ್ರೀತಿಯೆಂದು ತಿಳಿದೆ.

ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಪುಟ್ಟಿ ‘ಕತೆ ಬರೆದವರನ್ನು ನೋಡಿ ಬಂದೆವು’ ಎಂದು ಒದರಿಬಿಟ್ಟಳು. ಜಾನಕಿ ಖುಷಿಪಡುತ್ತಾಳೆಂದು ನಾನು ತಿಳಿದಿದ್ದರೆ, ಅವಳು ಎರಡು ಕಿವಿಯನ್ನೂ ಮುಚ್ಚಿಕೊಂಡಳು. “ಹೇಳಬೇಡಿ. ಇಷ್ಟು ವರ್ಷ ಕಾದದ್ದು ಓದಲಿಕ್ಕೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೀವು ಹೇಳಿಬಿಟ್ಟರೆ ನನಗೆ ಎಂತ ಉಳಿಯಿತು?” ಎಂದಳು. ಬೇಲಿಯಾಚೆಯಿಂದ ಕೇಳಿಸಿಕೊಂಡ ಸುಬೇದಾರರು, “ನನ್ನೆದುರೂ ಬಾಯಿ ಬಿಡಬೇಡಿ ಮಾರಾಯ್ರೆ” ಎಂದರು. ನಾನು ಬೆವತುಹೋದೆ. ಮಂದಾಕಿನಿ ಎಂದು ಬರೆಸಿದರೆ ಅವಳು ಬದುಕಿದ್ದಾಳೆಂದು ಊರಿಗೆ ಗೊತ್ತಾಗುತ್ತದೆ. ಬೇರೆ ಬರೆಸಿದರೆ ಸತ್ತಳೆಂದು ತಿಳಿಯುತ್ತಾರೆ. ಕೊನೆಗೆ, “ಅವರು ಏನೂ ಹೇಳಲಿಲ್ಲ. ನನಗೇ ಸಾಕಾಯಿತು, ಇಟ್ಟುಬಿಡುತ್ತೇನೆ” ಎಂದು ಸುಳ್ಳು ಹೇಳಿ ಶಾಲೆಯಲ್ಲಿ ಮಂದಾಕಿನಿ ಎಂದು ಬರೆಸಿದೆ. ಊರಲ್ಲಿ ಕೆಲವರು ನನ್ನನ್ನು ಧೈರ್ಯವಂತ ಎಂದದ್ದು ಅದೇ ಮೊದಲು. ಅತ್ತೆ ಮಾತ್ರ ನನ್ನ ಜೊತೆ ಮಾತು ಬಿಟ್ಟರು.

ಕಾಯುವುದಕ್ಕಿಂತ ದೊಡ್ಡ ಕಷ್ಟ, ಗೊತ್ತಿದ್ದೂ ಕಾಯುವವರ ನಡುವೆ ಬಾಯಿ ಮುಚ್ಚಿ ಕೂರುವುದು. ಅದಕ್ಕಿಂತ ದೊಡ್ಡದು, ಬರೆಯುವವರ ಮನಸ್ಸು ಬದಲಾದರೆ ಎಂಬ ಭಯ. ನಗಬೇಡಿ, ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಮಳೆಗಾಲದಲ್ಲಿ ಶಾಲೆ ಬಿಡುವ ಹೊತ್ತಿಗೆ ಕಚೇರಿಯಿಂದ ತಪ್ಪಿಸಿಕೊಂಡು ಹೋಗಿ, ದಾರಿಯ ತೋಡಿನ ಹತ್ತಿರ ಕೊಡೆ ಹಿಡಿದು ನಿಂತು, ಮಗಳು ಎರಡು ಕಾಲನ್ನೂ ಈಚೆ ದಡದಲ್ಲಿ ಊರುವವರೆಗೆ ಉಸಿರು ಬಿಡುತ್ತಿರಲಿಲ್ಲ.

ಎರಡನೆಯ ಭಾಗ ಕಡೆಗೂ ಬಂದಾಗ ಮಗಳು ಮೂರನೆಯ ತರಗತಿಯಲ್ಲಿದ್ದಳು. ಹೇಳಿ ಕಳಿಸಿದ್ದಕ್ಕೆ ಅತ್ತೆ ಸಿಟ್ಟು ಮರೆತು ಮೊದಲ ಬಸ್ಸಿಗೇ ಬಂದರು. ಸುಬೇದಾರರು ಕುರ್ಚಿ ಹೊತ್ತುಕೊಂಡು ಬಂದರು. ಈ ಸಲ ಓದಿದವಳು ಮಗಳು, ಅಕ್ಷರ ಕೂಡಿಸಿ ಕೂಡಿಸಿ. ದೋಣಿ ವಾಲಿತು. ಮಂದಾಕಿನಿ ತಿರುಗಿದಳು. ಕೂಗಿದವನು ಅಣ್ಣನಲ್ಲ, ಪ್ರೀತಿಸಿದ ಹುಡುಗನಲ್ಲ, ಯಮನೂ ಅಲ್ಲ. ಆ ಊರಿನ ಒಬ್ಬ ಗುಮಾಸ್ತ. ಕಂಕುಳಲ್ಲಿ ಕೊಡೆ. ‘ಅಲ್ಲ, ಒಂದು ಮಾತು’ ಎಂದು ಕೂಗುತ್ತ ಓಡಿ ಬಂದ ಅವನು, ದೋಣಿ ಆಚೆ ದಡಕ್ಕೇ ತಾನೆ ಹೋಗುವುದು ಎಂದು ಅಂಬಿಗನನ್ನು ಎರಡು ಸಲ ಕೇಳಿದ. ಆಮೇಲೆ ಬೀಳುತ್ತಿದ್ದ ಮಂದಾಕಿನಿಯ ಕೈಗೆ ಕೊಡೆಯ ಹಿಡಿ ಕೊಟ್ಟು ಅವಳನ್ನು ದೋಣಿಯೊಳಕ್ಕೆ ನೂಕಿ, ತಾನು ಹೊಳೆಯ ಪಾಲಾದ. ಕೈ ಜಾರಿದ ಕೊಡೆ ತೇಲಿತು. ಕತೆ ಮುಂದೆ ಹೋಯಿತು.

ಮಗಳು ಓದುವುದನ್ನು ನಿಲ್ಲಿಸಿ ಒಂದು ಸಲ ನನ್ನ ಕಡೆ ನೋಡಿದಳು. ಬೇರೆ ಯಾರೂ ನೋಡಲಿಲ್ಲ. ಅತ್ತೆ ಎರಡು ಕೈಯೆತ್ತಿ ಕಾವೇರಮ್ಮನಿಗೆ ಮುಗಿದು, ಮೊಮ್ಮಗಳ ತಲೆ ಸವರಿದರು. ಸುಬೇದಾರರು, “ಒಬ್ಬ ಗುಮಾಸ್ತ ತಾನೆ, ಹೋದರೆ ಹೋಗಲಿ” ಎಂದು ಮೀಸೆ ಒರೆಸಿಕೊಂಡರು. ಜಾನಕಿ ಮಾತ್ರ, “ಪಾಪ. ಅವನ ಹೆಸರಲ್ಲೂ ಭಾಗಮಂಡಲದಲ್ಲಿ ಒಂದು ಅರ್ಚನೆ ಮಾಡಿಸುವ” ಎಂದಳು.

“ಅವಂಗೆ ಹೆಸ್ರೇ ಇಟ್ಟಿಲ್ಲೆಯಲ್ಲ” ಎಂದರು ಅತ್ತೆ. “ಹೆಸ್ರಿಲ್ಲದೆ ಭಟ್ರು ಎಂತ ಹೇಳುದು?”

ನಾನು ಗೋಡೆಗೆ ಒರಗಿಸಿದ್ದ ಕೊಡೆಯನ್ನು ಬೆನ್ನ ಹಿಂದಕ್ಕೆ ಸರಿಸಿದೆ. ನಕ್ಷತ್ರ ಬೇಕಾಗಿದ್ದರೆ ಹೇಳಬಹುದಿತ್ತು.