ಮೊದಲ ವಾಕ್ಯದಲ್ಲೇ ಮುಗಿದ ಸಂಶೋಧನೆ

ಸಂಶೋಧನೆಗೆ ಹಣ ಕೇಳುವ ಅರ್ಜಿ ಬರೆಯುವುದು ಕಷ್ಟವೇನಲ್ಲ ಎಂಬುದು ಆಗ ನನ್ನ ಖಚಿತ ಅಭಿಪ್ರಾಯವಾಗಿತ್ತು. ಹಾವೇರಿ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಅಲ್ಲಿಂದ ದಿನವೂ ಪತ್ರಿಕೆಗೆ ಸುದ್ದಿ ಕಳಿಸುವವನು ನಾನು. ಹೆಂಡತಿ ಶಾಂತಾ ಬ್ಯಾಡಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಕೂಡಿಟ್ಟ ಮೆಣಸಿನಕಾಯಿಯ ಬಣ್ಣ ಯಾಕೆ ಮಾಸುತ್ತದೆ ಎಂದು ಕಂಡುಹಿಡಿಯುವುದು ಅವಳ ಬಹುಕಾಲದ ಆಸೆ. ಬೇಕಾದ ಯಂತ್ರ ಕಾಲೇಜಿನಲ್ಲಿರಲಿಲ್ಲ. ಹೊರದೇಶದ ಸಂಸ್ಥೆಯೊಂದು ಹಲವು ದೇಶಗಳವರಿಗೆ ಸಹಾಯಧನ ಕೊಡುತ್ತದೆಂದು ತಿಳಿದು ಅರ್ಜಿ ಬರೆದಳು.

‘ತೇವಾಂಶ ಕಾರಣವಿರಬಹುದೇ ಎಂದು ಪರೀಕ್ಷಿಸಬೇಕಿದೆ’ ಎಂದು ಅದರಲ್ಲಿತ್ತು.

“ಇದಕ್ಕ ನೋಡು ನಮ್ಮ ದೇಶದವ್ರಿಗೆ ರೊಕ್ಕ ಸಿಗೂದಿಲ್ಲ” ಎಂದೆ. “ಹೊರಗಿನವ್ರು ಸಂಶೋಧನಾಕ್ಕ ಸುರಿಯೂದೆಷ್ಟು, ನಾವೆಷ್ಟು? ಅವ್ರು ಧೈರ್ಯದಿಂದ ಬರೀತಾರ. ನಾವು ‘ಇರಬಹುದೇ’ ಅಂತೀವಿ!”

“ಗೊತ್ತಿಲ್ಲ ಅಂತನ ರೊಕ್ಕ ಕೇಳಾಕತ್ತೇನ್ರಿ.”

“ನನಗ ಬಿಡು.”

ಕಾಲೇಜಿನ ಪರೀಕ್ಷೆಯ ಕೆಲಸದ ಗಡಿಬಿಡಿಯಲ್ಲಿದ್ದ ಅವಳು ಕೊನೆಯ ಪುಟಕ್ಕೆ ಸಹಿ ಹಾಕಿ ಹೋದಳು. ನಾನು ಪತ್ರಿಕಾಧರ್ಮ ಪಾಲಿಸಿದೆ. ಮುಖ್ಯ ಸಂಗತಿ ಮೊದಲ ವಾಕ್ಯದಲ್ಲೇ ಬರಬೇಕು. ‘ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮಾಸಲು ತೇವಾಂಶವೇ ಕಾರಣ!’ ಆ ಉದ್ಗಾರ ಚಿಹ್ನೆ ನನ್ನ ಸ್ವಂತ ಕೊಡುಗೆ. ಅವಳಿಗೆ ತೋರಿಸದೆಯೇ ಲಕೋಟೆಗೆ ಅಂಟು ಹಚ್ಚಿ ಅಂಚೆಗೆ ಹಾಕಿದೆ.

ಧಾರವಾಡದಲ್ಲಿ ಸಂದರ್ಶನಕ್ಕೆ ಕರೆ ಬಂತು. ನನ್ನ ಸಿದ್ಧಾಂತ ಗೆದ್ದಿತೆಂದು ಮನೆ ಮಾಲೀಕರಾದ ಇಮಾಮ್‌ಸಾಬರಿಗೆ ಪೇಡೆ ಕೊಟ್ಟೆ. ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯಿದ್ದ ಅವರು ಮೆಣಸಿನಕಾಯಿ ಚೀಲ ಹೊರಹಾಕಿಸಿ, ಪ್ರಯೋಗಕ್ಕೆಂದು ಒಂದು ಕೋಣೆಯನ್ನೇ ಖಾಲಿ ಮಾಡಿಸಿದರು.

ಸಂದರ್ಶನದ ದಿನ ಸಂಜೆ ಬಸ್ಸಿಳಿದು ಬಂದ ಶಾಂತಾ ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತಳು. ಇಮಾಮ್‌ಸಾಬರೂ ಅಲ್ಲೇ ಇದ್ದರು.

“ಏನಂದ್ರು?” ಎಂದು ಕೇಳಿದೆ.

“ಅಭಿನಂದನೆ ಅಂದ್ರು.”

“ನಾ ಹೇಳಿರಲಿಲ್ಲೇನು!”

“ಕಾರಣ ಸಿಕ್ಕೇತಲ್ಲ, ಇನ್ನ ರೊಕ್ಕ ಯಾಕ ಅಂದ್ರು. ನಾ ಏನ್ ಹೇಳ್ಲಿ? ಸಹಿ ನಂದು.”

ಇಮಾಮ್‌ಸಾಬರು ಬಹಳ ಗಂಭೀರವಾಗಿ ಕೇಳಿದರು: “ಹಂಗಾರ ಸಾಹೇಬ್ರ, ಕೋಣ್ಯಾಗ ಮತ್ತ ಚೀಲ ಹಾಕಸ್ಲೇನ್ರಿ?”

ನನ್ನಲ್ಲಿ ಇನ್ನೂ ದೇಶಾಭಿಮಾನ ಉಳಿದಿತ್ತು. “ನಮ್ಮ ದೇಶ ಅಂದ್ರ ಅವ್ರಿಗೆ ಅಸಡ್ಡೆ” ಎಂದೆ.

“ರಾಣೆಬೆನ್ನೂರಿನವ್ರೊಬ್ಬರಿಗೆ ಸಿಕ್ಕೇತ್ರಿ, ಅಲ್ಲೇ ಹೇಳಿದ್ರು. ಹತ್ತಿ ಹುಳದ ಮ್ಯಾಲ. ‘ಗೊತ್ತಿಲ್ಲ, ಹುಡುಕಬೇಕು’ ಅಂತನ ಬರದಿದ್ರಂತ” ಎಂದಳು ಶಾಂತಾ.

ದೇಶದೇಶಗಳ ವ್ಯತ್ಯಾಸ ಕುರಿತು ಪತ್ರಿಕೆಗೆ ಬರೆದಿಟ್ಟಿದ್ದ ಲೇಖನವನ್ನು ಅಂದೇ ಹರಿದುಹಾಕಿದೆ. ಉಳಿದದ್ದು ಹಾವೇರಿಗೂ ರಾಣೆಬೆನ್ನೂರಿಗೂ ಇದ್ದ ವ್ಯತ್ಯಾಸ ಮಾತ್ರ: ಅಲ್ಲಿಯ ಅರ್ಜಿಯನ್ನು ಪತ್ರಕರ್ತರು ತಿದ್ದಿರಲಿಲ್ಲ.

ಮರುವರ್ಷ ಶಾಂತಾ ತಾನೇ ಅರ್ಜಿ ಬರೆದಳು. ಲಕೋಟೆಗೆ ಅಂಟು ಹಚ್ಚುವ ಕೆಲಸವನ್ನು ನನಗೆ ವಹಿಸಿದಳು. ಹಚ್ಚಿ ಮುಗಿಸುವವರೆಗೂ ಎದುರಿಗೇ ನಿಂತಿದ್ದಳು!